ಕನಸಿನೊಳಗೇ ಕನಸೆಂದು ತಿಳಿದಾಗ

ನೀವು ಪರೀಕ್ಷೆಯ ಕೋಣೆಯಲ್ಲಿ ಕುಳಿತಿದ್ದೀರಿ. ಗಂಟೆ ಬಾರಿಸಿಯಾಗಿದೆ. ಎದುರಿಗಿರುವ ಪ್ರಶ್ನಪತ್ರಿಕೆಯಲ್ಲಿ ಒಂದು ಪ್ರಶ್ನೆಯೂ ತಲೆಗೆ ಹತ್ತುವುದಿಲ್ಲ, ಲೇಖನಿಯಲ್ಲಿ ಮಸಿ ಇಲ್ಲ, ಪಕ್ಕದವರೆಲ್ಲ ತಲೆ ಬಗ್ಗಿಸಿ ಬರೆಯುತ್ತಿದ್ದಾರೆ. ಎದೆ ಡವಗುಟ್ಟುತ್ತದೆ. ಆಗ ಎಲ್ಲಿಂದಲೋ ಒಂದು ಯೋಚನೆ ಸುಳಿಯುತ್ತದೆ: ‘ಅಲ್ಲ, ನಾನು ಈ ಪರೀಕ್ಷೆ ಪಾಸಾಗಿ ಮೂವತ್ತು ವರ್ಷವಾಯಿತಲ್ಲ! ನನ್ನ ಮಗನೇ ಕಾಲೇಜು ಮುಗಿಸಿದ್ದಾನಲ್ಲ! ಹಾಗಾದರೆ ಇದು ಕನಸು.’

ಈ ಯೋಚನೆ ಬಂದ ಕೂಡಲೆ ಸಾಮಾನ್ಯವಾಗಿ ಎಚ್ಚರವಾಗಿಬಿಡುತ್ತದೆ. ಮಗ್ಗುಲು ಬದಲಿಸಿ, ನಿಟ್ಟುಸಿರು ಬಿಟ್ಟು ಮತ್ತೆ ಮಲಗುತ್ತೇವೆ. ಆದರೆ ಕೆಲವರಿಗೆ ಕೆಲವೊಮ್ಮೆ ಎಚ್ಚರವಾಗುವುದಿಲ್ಲ. ಕೋಣೆ ಹಾಗೆಯೇ ಇರುತ್ತದೆ, ಬೆಂಚು ಹಾಗೆಯೇ ಇರುತ್ತದೆ, ಕುಳಿತವರಿಗೆ ಮಾತ್ರ ‘ಇದು ಕನಸು, ನನ್ನ ದೇಹ ಮನೆಯಲ್ಲಿ ಚಾಪೆಯ ಮೇಲಿದೆ’ ಎಂಬ ತಿಳಿವು ಇರುತ್ತದೆ. ಪ್ರಶ್ನಪತ್ರಿಕೆಯನ್ನು ಹರಿದೆಸೆದು ಕಿಟಕಿಯಿಂದ ಹಾರಿಹೋಗಬಹುದು, ಮೇಲ್ವಿಚಾರಕರನ್ನು ಮಾತನಾಡಿಸಬಹುದು, ಸುಮ್ಮನೆ ಕುಳಿತು ನೋಡಲೂಬಹುದು. ಈ ಸ್ಥಿತಿಯನ್ನು ನಾವು ಎಚ್ಚರಗನಸು ಎಂದು ಕರೆಯೋಣ.

ಇದೇನು ಕಟ್ಟುಕಥೆಯೆ ಎಂದು ನೀವು ಕೇಳಬಹುದು. ಬಹುಕಾಲ ಪಾಶ್ಚಾತ್ಯ ವಿದ್ವಾಂಸರಲ್ಲಿ ಅನೇಕರೂ ಹಾಗೆಯೇ ಕೇಳಿದರು. ನಿದ್ದೆಯಲ್ಲಿದ್ದಾಗಲೂ ಒಮ್ಮೊಮ್ಮೆ ಮನಸ್ಸಿನ ಯಾವುದೋ ಭಾಗ ‘ಇದು ಕನಸು’ ಎಂದು ಸಾರುವುದುಂಟೆಂದು ಗ್ರೀಸಿನ ಅರಿಸ್ಟಾಟಲನು ಆಗಲೇ ಬರೆದಿದ್ದನು. ಫ್ರಾನ್ಸಿನ ಹರ್ವೆ ದ ಸೇಂಟ್ ಡೆನಿ ಎಂಬ ವಿದ್ವಾಂಸ ತನ್ನ ಹದಿಮೂರನೆಯ ವಯಸ್ಸಿನಿಂದ ಕನಸುಗಳನ್ನು ಬರೆದಿಟ್ಟು, ಅವುಗಳನ್ನು ತಾನು ನಡೆಸಿದ ಬಗೆಯನ್ನು ೧೮೬೭ರಲ್ಲಿ ಪುಸ್ತಕವಾಗಿ ಹೊರತಂದನು. ಹಾಲೆಂಡಿನ ಫ್ರೆಡರಿಕ್ ವಾನ್ ಈಡನ್ ವೈದ್ಯನೂ ಹೌದು, ಕಾದಂಬರಿಕಾರನೂ ಹೌದು. ೧೮೯೮ರಿಂದ ೧೯೧೨ರ ವರೆಗೆ ತನಗೆ ಬಿದ್ದ ಇಂಥ ೩೫೨ ಕನಸುಗಳನ್ನು ಆತ ಲೆಕ್ಕವಿಟ್ಟನು. ಇಂಗ್ಲಿಷಿನಲ್ಲಿ ‘ಲೂಸಿಡ್ ಡ್ರೀಮ್’ ಎಂಬ ಹೆಸರು ಬಳಕೆಗೆ ಬಂದದ್ದು ೧೯೧೩ರ ಅವನ ಬರಹದಿಂದ. ಇಷ್ಟಾದರೂ ಶಾಸ್ತ್ರಜ್ಞರು ಒಪ್ಪಲಿಲ್ಲ. ಕನಸು ಕಂಡವನ ಮಾತಿಗೆ ಸಾಕ್ಷಿ ಯಾರು?

ಸಾಕ್ಷಿಯ ಕಥೆಯನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ನಮ್ಮ ಕಡೆಯವರೊಬ್ಬರ ಅನುಭವವನ್ನು ಕೇಳಿ.

ಹೊನ್ನಾವರದ ಶರಾವತಿ ಸೇತುವೆಯ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದರೆ ಹೊಳೆ ಕಡಲನ್ನು ಕೂಡುವ ಅಳಿವೆ ಕಾಣುತ್ತದೆ. ತೆಂಕಣ ದಂಡೆಯ ಊರು ಕಾಸರಕೋಡ. ಇಲ್ಲಿಯ ಕಡಲತೀರಕ್ಕೆ ೨೦೨೦ರಲ್ಲಿ ‘ನೀಲಿ ಬಾವುಟ’ದ ಅಂತರರಾಷ್ಟ್ರೀಯ ಮನ್ನಣೆ ದೊರೆತ ಮೇಲೆ ಪ್ರವಾಸಿಗಳು ಬರತೊಡಗಿದ್ದಾರೆ. ಆದರೂ ಕೇರಿಗಳ ಬದುಕು ಇಂದಿಗೂ ಮೀನಿನದೇ. ಅಳಿವೆಯೆಂದರೆ ದೂರದಿಂದ ನೋಡುವವರಿಗೆ ಚಂದ; ದೋಣಿ ನಡೆಸುವವರಿಗೆ ಅದರಷ್ಟು ಅಂಜಿಕೆಯ ಸ್ಥಳ ಬೇರೊಂದಿಲ್ಲ. ಹೊಳೆಯ ಸೆಳೆತ ಒಂದು ಕಡೆ, ಕಡಲಿನ ತೆರೆ ಇನ್ನೊಂದು ಕಡೆ, ನಡುವೆ ವರ್ಷ ವರ್ಷಕ್ಕೂ ಜಾಗ ಬದಲಿಸುವ ಮರಳಿನ ದಿಬ್ಬ.

ನಾನು ಬಲ್ಲ ಮೀನುಗಾರರೊಬ್ಬರ ಸಣ್ಣ ದೋಣಿ ಆ ದಿಬ್ಬದ ಬಳಿ ಮಗುಚಿತು. ಅವರು ಈಜಿ ದಡ ಸೇರಿದರು. ಜೊತೆಯಲ್ಲಿದ್ದ ಭಾವ ಸೇರಲಿಲ್ಲ. ಮುಂದೆ ಎರಡು ವರ್ಷ ಅವರಿಗೆ ಬಿದ್ದದ್ದು ಒಂದೇ ಕನಸು: ದೋಣಿ ಏರುತ್ತದೆ, ಮಗುಚುತ್ತದೆ, ಭಾವನ ಕೈ ಕಾಣುತ್ತದೆ, ಹಿಡಿಯಲು ಹೋದರೆ ತಮ್ಮ ಕೈ ಮುಂದಕ್ಕೆ ಬಾರದು. ಕೂಗಿಕೊಂಡು ಏಳುತ್ತಿದ್ದರು. ಆಮೇಲೆ ಮಲಗುವುದಕ್ಕೇ ಹೆದರತೊಡಗಿದರು. ರಾತ್ರಿಯೆಲ್ಲ ಜಗಲಿಯಲ್ಲಿ ಬೀಡಿ ಸೇದುತ್ತ ಕೂತು, ಹಗಲು ಬಲೆ ಎಳೆಯುವಾಗ ತೂಕಡಿಸುವರು. ಕಡಲಿನ ಕೆಲಸದಲ್ಲಿ ತೂಕಡಿಕೆ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಮನೆಯವರು ಹರಕೆ ಹೊತ್ತರು, ತಾಯಿತ ಕಟ್ಟಿಸಿದರು.

ಒಂದು ನಸುಕಿನಲ್ಲಿ ಅದೇ ಕನಸು ಬಂದಿತು. ಈ ಸಲ ದೋಣಿಯ ಮೂತಿಯಲ್ಲಿ ಅವರ ತಂದೆಯೂ ಕೂತಿದ್ದರಂತೆ. ಅವರು ನನಗೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ಮಾಸ್ತರ್ರೇ, ಅಪ್ಪ ಸತ್ತು ಹನ್ನೆರಡು ವರ್ಷ ಆಯ್ತು. ಅವ ಇಲ್ಲಿ ಹ್ಯಾಗೆ ಬಂದ ಅಂತ ಅನ್ನಿಸ್ತು. ಅಷ್ಟು ಅನ್ನಿಸಿದ್ದೇ ಸೈ, ಇದು ಆ ಕನಸು ಅಂತ ಗೊತ್ತಾಯ್ತು. ಮತ್ತೆ ನಾನು ಈಜಲಿಲ್ಲ. ಕೈಕಾಲು ಬಿಟ್ಟೆ. ನೀರು ನನ್ನ ಎತ್ತಿ ಹಿಡೀತು. ಭಾವ ಎದುರಿಗೇ ಇದ್ದ. ಅವ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಸುಮಾರು ಹೊತ್ತು ನೋಡಿದೆ.”

ಆ ಕನಸು ಆಮೇಲೂ ಮೂರು ನಾಲ್ಕು ಸಲ ಬಂದಿತಂತೆ. ಎಲ್ಲ ಸಲವೂ ತಿಳಿವು ಇರಲಿಲ್ಲವಂತೆ. ಭಾವನ ನೆನಪು ಬಂದರೆ ಇಂದಿಗೂ ಅವರ ಗಂಟಲು ಕಟ್ಟುತ್ತದೆ. ಆದರೆ ಮಲಗುವ ಹೆದರಿಕೆ ಹೋಯಿತು. ಇದನ್ನು ಪವಾಡವೆಂದು ನಾನು ಹೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಈಗ ಸಾಕ್ಷಿಯ ವಿಷಯ. ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬವರು ೧೯೫೩ರಲ್ಲಿ ಒಂದು ವಿಚಿತ್ರವನ್ನು ಪ್ರಕಟಿಸಿದರು. ನಿದ್ದೆ ಹೋದವರ ಮುಚ್ಚಿದ ರೆಪ್ಪೆಗಳ ಅಡಿಯಲ್ಲಿ ಕಣ್ಣಾಲಿಗಳು ರಾತ್ರಿಯಲ್ಲಿ ನಾಲ್ಕೈದು ಸಲ ಸರಸರನೆ ಓಡಾಡುತ್ತವೆ. ಆಗ ಎಬ್ಬಿಸಿ ಕೇಳಿದರೆ ಬಹುಮಂದಿ ಕನಸು ಕಾಣುತ್ತಿದ್ದೆವೆನ್ನುತ್ತಾರೆ. ಸುಮಾರು ೯೦ ನಿಮಿಷಕ್ಕೊಮ್ಮೆ ಈ ಹಂತ ಬರುತ್ತದೆ. ಮೊದಲ ಸಲ ಹತ್ತು ನಿಮಿಷವಿದ್ದರೆ ಬೆಳಗಿನ ಜಾವಕ್ಕೆ ಅರ್ಧ ಗಂಟೆಗೂ ಮೀರಿ ಬೆಳೆಯುತ್ತದೆ. ನಮ್ಮ ಮೀನುಗಾರರ ಕನಸು ನಸುಕಿನಲ್ಲಿ ಬಿದ್ದದ್ದು ಆಕಸ್ಮಿಕವಲ್ಲ. ಬೆಳಗಿನ ಕನಸು ನಿಜವಾಗುತ್ತದೆ ಎಂದು ನಮ್ಮಲ್ಲಿ ಹೇಳುವುದುಂಟು. ನಿಜವಾಗುವ ಮಾತು ಹಾಗಿರಲಿ, ನೆನಪಿನಲ್ಲಿ ಹೆಚ್ಚು ಉಳಿಯುವುದಂತೂ ಸರಿ.

ಈ ಹಂತದಲ್ಲಿ ಇನ್ನೊಂದು ಏರ್ಪಾಡು ಉಂಟು. ಮಿದುಳು ದೇಹದ ಸ್ನಾಯುಗಳನ್ನೆಲ್ಲ ಸಡಿಲಗೊಳಿಸಿ ಕಟ್ಟಿಹಾಕಿಬಿಡುತ್ತದೆ. ಇಲ್ಲವಾದರೆ ಕನಸಿನಲ್ಲಿ ಓಡುವವನು ಹಾಸಿಗೆಯಿಂದಲೂ ಓಡಿಯಾನು. ಬಿಡುವು ಇರುವುದು ಉಸಿರಾಟಕ್ಕೆ ಮತ್ತು ಕಣ್ಣುಗಳಿಗೆ. ಒಮ್ಮೊಮ್ಮೆ ಮನಸ್ಸು ಎಚ್ಚರಗೊಂಡರೂ ಈ ಕಟ್ಟು ಬಿಚ್ಚಿರುವುದಿಲ್ಲ. ಕೈ ಎತ್ತಲಾಗದು, ಕೂಗಲಾಗದು, ಎದೆಯ ಮೇಲೆ ಯಾರೋ ಕೂತಂತೆ ಭಾಸವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ದೆವ್ವ ಅಮುಕಿತು ಎನ್ನುವುದು ಬಹುಪಾಲು ಇದನ್ನೇ. ಒಂದೆರಡು ನಿಮಿಷದಲ್ಲಿ ತಾನಾಗಿ ಬಿಡುತ್ತದೆ.

ಕಣ್ಣಿಗೆ ಕಟ್ಟಿಲ್ಲ ಎಂಬ ಈ ಸಂಗತಿಯನ್ನೇ ಹಿಡಿದು ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಕೀತ್ ಹರ್ನ್ ಒಂದು ಉಪಾಯ ಹೂಡಿದನು. ಎಚ್ಚರಗನಸು ಕಾಣುವ ರೂಢಿಯಿದ್ದ ಅಲನ್ ವರ್ಸ್ಲಿ ಎಂಬಾತನಿಗೆ, ‘ಕನಸೆಂದು ತಿಳಿದ ಕೂಡಲೆ ಕನಸಿನಲ್ಲಿ ಎಡಕ್ಕೂ ಬಲಕ್ಕೂ ಎಂಟು ಸಲ ನೋಡು’ ಎಂದು ಹೇಳಿಟ್ಟನು. ೧೯೭೫ರ ಏಪ್ರಿಲಿನ ಒಂದು ಬೆಳಗಿನಲ್ಲಿ, ಮಲಗಿದ್ದವನ ಮಿದುಳಿನ ಅಲೆಗಳು ನಿದ್ದೆಯನ್ನೇ ತೋರುತ್ತಿರುವಾಗ, ಯಂತ್ರದ ಕಾಗದದ ಮೇಲೆ ಆ ಎಡ ಬಲ ಗೆರೆಗಳು ಮೂಡಿದವು. ನಿದ್ದೆಯೊಳಗಿನಿಂದ ಹೊರಕ್ಕೆ ಬಂದ ಮೊದಲ ತಂತಿ ಎನ್ನಿ. ಅಮೆರಿಕದ ಸ್ಟಾನ್‌ಫರ್ಡಿನಲ್ಲಿ ಸ್ಟೀಫನ್ ಲಬರ್ಜ್ ಸ್ವತಂತ್ರವಾಗಿ ಇದನ್ನೇ ಸಾಧಿಸಿ ೧೯೮೧ರಲ್ಲಿ ಪ್ರಕಟಿಸಿದ ಮೇಲೆ ಸಂಶಯ ಬಹುಮಟ್ಟಿಗೆ ಅಡಗಿತು. ಕನಸಿನಲ್ಲಿ ಒಂದರಿಂದ ಹತ್ತರ ತನಕ ಎಣಿಸಲು ಎಚ್ಚರದಲ್ಲಿ ಹಿಡಿಯುವಷ್ಟೇ ಹೊತ್ತು ಹಿಡಿಯುತ್ತದೆ ಎಂಬುದನ್ನೂ ಅವನು ಈ ಸನ್ನೆಗಳಿಂದಲೇ ಅಳೆದನು.

ರೇಡಿಯೋ ಮನೆಗಳವರಾದ ನಿಮಗೆ ರುಚಿಸುವ ಸಂಗತಿ ೨೦೨೧ರದು. ಅಮೆರಿಕ, ಫ್ರಾನ್ಸ್, ಜರ್ಮನಿ, ಹಾಲೆಂಡುಗಳ ನಾಲ್ಕು ಪ್ರಯೋಗಶಾಲೆಗಳು ಕೂಡಿ, ನಿದ್ದೆಯಲ್ಲಿರುವವರನ್ನು ಪ್ರಶ್ನೆ ಕೇಳಿ ಉತ್ತರ ಪಡೆಯಲು ಯತ್ನಿಸಿದವು. ಭಾಗವಹಿಸಿದವರು ೩೬ ಮಂದಿ. ‘ಎಂಟರಲ್ಲಿ ಆರು ಹೋದರೆ ಎಷ್ಟು?’ ಎಂಬ ಮೆಲುದನಿಯ ಪ್ರಶ್ನೆಗೆ ಮಲಗಿದ್ದಾತನ ಕಣ್ಣುಗಳು ಎರಡು ಸಲ ಆಡಿದವು. ಎಚ್ಚರಗನಸಿನ ಸಮಯದಲ್ಲಿ ಕೇಳಿದ ೧೫೮ ಪ್ರಶ್ನೆಗಳಲ್ಲಿ ಸರಿಯುತ್ತರ ಬಂದದ್ದು ನೂರಕ್ಕೆ ೧೮ರಷ್ಟು; ಅರ್ಧಕ್ಕಿಂತ ಹೆಚ್ಚಿನವಕ್ಕೆ ಉತ್ತರವೇ ಬರಲಿಲ್ಲ. ಆದರೂ ಬಂದಷ್ಟು ಬಂದಿತಲ್ಲ! ಕೇಳಿದ ಪ್ರಶ್ನೆ ಕೆಲವರಿಗೆ ಆಕಾಶದಿಂದ ಬಂದಂತೆಯೂ, ಮತ್ತೆ ಕೆಲವರಿಗೆ ಕನಸಿನೊಳಗಿನ ರೇಡಿಯೋದಿಂದ ಬಂದಂತೆಯೂ ಕೇಳಿಸಿತಂತೆ. ಬೆಳಗಿನ ಆಕಾಶವಾಣಿಯ ಸಂಕೇತ ಸಂಗೀತ ಕನಸಿನೊಳಗೆ ನುಗ್ಗಿ ಮದುವೆಮನೆಯ ವಾಲಗವೋ ಮತ್ತೊಂದೋ ಆಗಿ ಪರಿಣಮಿಸಿದ ಅನುಭವ ನಿಮ್ಮಲ್ಲಿ ಅನೇಕರಿಗೆ ಇದ್ದೀತು.

ಹಾಗಾದರೆ ಇದು ಅಪರೂಪವೆ? ೨೦೧೬ರಲ್ಲಿ ಐವತ್ತು ವರ್ಷಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನರಲ್ಲಿ ನೂರಕ್ಕೆ ೫೫ ಮಂದಿ ಬದುಕಿನಲ್ಲಿ ಒಮ್ಮೆಯಾದರೂ ಕಂಡವರು, ೨೩ ಮಂದಿ ತಿಂಗಳಿಗೊಮ್ಮೆಯಾದರೂ ಕಾಣುವವರು ಎಂಬ ಅಂದಾಜು ಸಿಕ್ಕಿತು. ಈ ಲೆಕ್ಕದಲ್ಲಿ ಬಹುಪಾಲು ಹೊರನಾಡಿನ ವಿದ್ಯಾರ್ಥಿಗಳೇ ಇರುವುದರಿಂದ ನಮ್ಮವರಿಗೆ ಹಾಗೆಯೇ ಹೊಂದಿಸಬಾರದು. ನಾನು ಕೇಳಿದವರಲ್ಲಂತೂ ಹೆಚ್ಚಿನವರು ಮೊದಲು ‘ಇಲ್ಲಪ್ಪ’ ಎಂದು, ಎರಡು ದಿನ ಬಿಟ್ಟು ‘ಹೌದು, ಒಮ್ಮೆ ಹಾಗಾಗಿತ್ತು’ ಎಂದು ನೆನಪಿಸಿಕೊಂಡು ಬಂದರು. ಹೆಸರಿಲ್ಲದ ಅನುಭವ ನೆನಪಿನಲ್ಲಿ ನಿಲ್ಲುವುದು ಕಷ್ಟ.

ಕುಮಟೆಯ ಕಡೆಯ ಒಬ್ಬ ತಾಯಿ ತಮ್ಮ ತವರಿನ ಅಡಿಗೆಮನೆಯಲ್ಲಿ ತೀರಿಕೊಂಡ ಅಮ್ಮನನ್ನು ಕಂಡರಂತೆ. ಆ ಮನೆಯನ್ನು ಕೆಡವಿದ್ದು ಅವರಿಗೆ ನೆನಪಾಯಿತು, ಕನಸೆಂದು ತಿಳಿಯಿತು. ‘ಎಚ್ಚರವಾಗುವುದರೊಳಗೆ ಕೇಳಿಬಿಡುತ್ತೇನೆ’ ಎಂದುಕೊಂಡು, ಅಮ್ಮ ಮಾಡುತ್ತಿದ್ದ ಒಂದು ಗೊಜ್ಜಿಗೆ ಏನೇನು ಹಾಕುತ್ತಿದ್ದಿ ಎಂದು ಕೇಳಿದರಂತೆ. ಅಮ್ಮ ನಕ್ಕು, ‘ನಿನಗೆ ಗೊತ್ತಿದ್ದಷ್ಟೇ ನನಗೂ ಗೊತ್ತು ಮಗಾ’ ಎಂದರಂತೆ. ಮನಶ್ಶಾಸ್ತ್ರಜ್ಞರೂ ಇದಕ್ಕಿಂತ ಸರಿಯಾದ ಉತ್ತರ ಹೇಳಲಾರರು. ಕನಸಿನ ಅಮ್ಮನಲ್ಲಿರುವುದು ಮಗಳ ನೆನಪೇ. ಆದರೆ ಆ ತಾಯಿ ಅಂದು ಎದ್ದು ಅತ್ತದ್ದು ದುಃಖಕ್ಕಲ್ಲವಂತೆ.

ಭಟ್ಕಳದ ಒಬ್ಬ ಕಾಲೇಜು ಹುಡುಗನದು ಬೇರೆ ಬಗೆ. ಕನಸೆಂದು ತಿಳಿದರೆ ಸಾಕು, ಉಬ್ಬಿಹೋಗಿ ಹಾರಲು ಹೊರಡುತ್ತಾನೆ, ಮಾಡಿನ ಎತ್ತರಕ್ಕೆ ಏರುವಷ್ಟರಲ್ಲಿ ಎಚ್ಚರವಾಗುತ್ತದೆ. ಹೆಚ್ಚು ಸಂತೋಷಪಟ್ಟರೆ ಕನಸು ಒಡೆಯುತ್ತದೆ ಎಂಬುದನ್ನು ಎಲ್ಲ ಅನುಭವಿಗಳೂ ಹೇಳುತ್ತಾರೆ; ಕನಸಿನಲ್ಲೇ ಅಂಗೈ ಉಜ್ಜಿಕೊಂಡರೆ, ನೆಲ ಮುಟ್ಟಿದರೆ, ಸ್ವಲ್ಪ ಹೊತ್ತು ನಿಲ್ಲುತ್ತದಂತೆ.

ಈ ಎರಡು ಅರಿವು ಒಂದರೊಳಗೊಂದು ಇರುವ ಸ್ಥಿತಿ ನಮ್ಮ ಜಿಲ್ಲೆಯವರಿಗೆ ತೀರ ಅಪರಿಚಿತವಲ್ಲ. ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ತಾಲೂಕು ಇದು. ಕೀಚಕನ ಪಾತ್ರಕ್ಕೆ ಹೆಸರಾದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ತಾಲೂಕೂ ಇದೇ. ವೇಷಧಾರಿ ಕೀಚಕನೇ ಆಗಿ ಉರಿಯುತ್ತಿರುವಾಗಲೂ, ತಾಳ ತಪ್ಪದಂತೆ ಭಾಗವತರ ಕಡೆ ಒಂದು ಕಿವಿ ಇಟ್ಟಿರುತ್ತಾನೆ. ಪಾತ್ರವೇ ಪೂರ್ತಿ ನುಂಗಿದರೆ ಆಟ ಕೆಡುತ್ತದೆ, ತಾನು ಮಾತ್ರ ಉಳಿದರೂ ಕೆಡುತ್ತದೆ. ಎಚ್ಚರಗನಸನ್ನು ಕಂಡಿಲ್ಲದವರಿಗೆ ಅದನ್ನು ವಿವರಿಸಲು ಇದಕ್ಕಿಂತ ಹತ್ತಿರದ ಹೋಲಿಕೆ ನನಗೆ ತೋರುವುದಿಲ್ಲ.

ನಮ್ಮ ಪೂರ್ವಿಕರು ಕನಸನ್ನು ಹಗುರವಾಗಿ ಕಂಡವರಲ್ಲ. ಮಲಗಿದವನು ರಥ, ಕುದುರೆ, ಕೊಳಗಳನ್ನೆಲ್ಲ ತನ್ನೊಳಗಿನಿಂದಲೇ ನಿರ್ಮಿಸಿಕೊಳ್ಳುವ ಬಗೆಯನ್ನು ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು ಜನಕನಿಗೆ ಹೇಳುತ್ತಾನೆ. ಎಚ್ಚರ, ಕನಸು, ಗಾಢನಿದ್ರೆ ಎಂಬ ಮೂರನ್ನೂ ಎದುರಿಗಿಟ್ಟು, ಮೂರನ್ನೂ ಕಾಣುವವನು ಯಾರೆಂದು ಮಾಂಡೂಕ್ಯ ವಿಚಾರಿಸುತ್ತದೆ. ಅದರ ಮೇಲಿನ ಕಾರಿಕೆಗಳಲ್ಲಿ ಗೌಡಪಾದರು ಎಚ್ಚರದ ವಸ್ತುಗಳೂ ಕನಸಿನವುಗಳಂತೆಯೇ ಎಂದು ವಾದಿಸಿದರೆ, ಬ್ರಹ್ಮಸೂತ್ರ ಎರಡೂ ಒಂದೇ ಅಲ್ಲವೆನ್ನುತ್ತದೆ. ಎರಡಕ್ಕೂ ಶಂಕರರ ಹೆಸರಿನಲ್ಲಿ ಭಾಷ್ಯಗಳುಂಟು! ನಮ್ಮ ಕಾಲದಲ್ಲಿ ಹೊಳೆನರಸೀಪುರದ ಅಧ್ಯಾತ್ಮಪ್ರಕಾಶ ಕಾರ್ಯಾಲಯದ ಸಚ್ಚಿದಾನಂದೇಂದ್ರ ಸರಸ್ವತಿಗಳು ಈ ಅವಸ್ಥಾತ್ರಯದ ವಿಚಾರವನ್ನು ತಿಳಿಗನ್ನಡದಲ್ಲಿ ಬರೆದು ಸಾಮಾನ್ಯರಿಗೂ ನಿಲುಕುವಂತೆ ಮಾಡಿದರು. ಪತಂಜಲಿಯ ಯೋಗಸೂತ್ರ ಕನಸಿನ ಮತ್ತು ನಿದ್ದೆಯ ಅರಿವನ್ನು ಚಿತ್ತವನ್ನು ನಿಲ್ಲಿಸುವ ಆಸರೆಗಳಲ್ಲಿ ಒಂದೆಂದು ಎಣಿಸಿದೆ. ಆದರೆ ಒಂದು ಮಾತು ಹೇಳಬೇಕು. ವೇದಾಂತಿಗಳಿಗೆ ಬೇಕಾದದ್ದು ಕನಸಿನಿಂದ ಸಿಗುವ ದೃಷ್ಟಾಂತ. ಕನಸಿನೊಳಗೆ ಎಚ್ಚರವಾಗುವ ಅಭ್ಯಾಸವಲ್ಲ. ಇಂದು ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಹೇಳುವವರು ಈ ಎರಡನ್ನು ಬೆರಸಿಬಿಡುತ್ತಾರೆ.

ಅಭ್ಯಾಸವಾಗಿಯೇ ಅದನ್ನು ಬೆಳೆಸಿದವರು ಟಿಬೆಟ್ಟಿನ ಬೌದ್ಧರು. ನರೋಪನ ಹೆಸರಿನ ಆರು ಯೋಗಗಳಲ್ಲಿ ‘ಮಿಲಮ್’ ಎಂಬ ಸ್ವಪ್ನಯೋಗವೂ ಒಂದು. ಹಗಲೆಲ್ಲ ‘ಇದೂ ಕನಸಿನಂತೆ’ ಎಂದು ಭಾವಿಸುತ್ತ, ಮಲಗುವಾಗ ಸಂಕಲ್ಪ ಮಾಡಿ, ಕನಸನ್ನು ಗುರುತಿಸಿ, ಅದರೊಳಗೆ ರೂಪಗಳನ್ನು ಬದಲಿಸಿ, ಅಂಜಿಕೆಯನ್ನು ಕಳೆದುಕೊಳ್ಳುವ ಕ್ರಮ ಅದು. ಈ ಪರಂಪರೆಯವರನ್ನು ಕಾಣಲು ಹಿಮಾಲಯಕ್ಕೆ ಹೋಗಬೇಕಾಗಿಲ್ಲ. ನಮ್ಮ ಉತ್ತರ ಕನ್ನಡದ ಮುಂಡಗೋಡಿನಲ್ಲೇ ೧೯೬೬ರಿಂದ ಟಿಬೆಟನ್ನರ ವಸತಿಯಿದೆ, ದೊಡ್ಡ ವಿಹಾರಗಳಿವೆ. ಗುರುವಿನ ನೆರಳಿನಲ್ಲಿ ಕಲಿಯುವ ಈ ಸಾಧನೆಯನ್ನು ಅವರು ಸಂತೆಯಲ್ಲಿ ಹಂಚುವುದಿಲ್ಲ. ಅದೂ ಸರಿಯೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವಿಪಶ್ಯನ ಧ್ಯಾನಿಗಳ ನಿದ್ದೆಯನ್ನು ರಾತ್ರಿಯಿಡೀ ಅಳೆದು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನ ಒಂದುಂಟು. ವಯಸ್ಸಾದಂತೆ ಸಾಮಾನ್ಯವಾಗಿ ಕುಗ್ಗುವ ಗಾಢನಿದ್ರೆ, ಕನಸಿನ ನಿದ್ರೆಗಳು ಈ ಧ್ಯಾನಿಗಳಲ್ಲಿ ಹೆಚ್ಚಾಗಿ ಉಳಿದಿದ್ದವು. ಅದು ಎಚ್ಚರಗನಸಿನ ಅಧ್ಯಯನವಲ್ಲ. ಆದರೂ ಹಗಲಿನ ಮನಸ್ಸಿನ ಅಭ್ಯಾಸಕ್ಕೂ ರಾತ್ರಿಯ ನಿದ್ದೆಗೂ ನಂಟಿದೆ ಎಂದು ನಂಬಲು ಅದು ಆಧಾರ ಕೊಡುತ್ತದೆ.

‘ನಾನೂ ಯತ್ನಿಸಿ ನೋಡಬಹುದೆ?’ ಎನ್ನುವಿರಾದರೆ, ಮೊದಲು ತಲೆದಿಂಬಿನ ಬಳಿ ಒಂದು ಪುಸ್ತಕ, ಪೆನ್ಸಿಲು ಇಟ್ಟುಕೊಂಡು, ಎದ್ದೊಡನೆ, ಬಚ್ಚಲಿಗೆ ಹೋಗುವ ಮೊದಲೇ, ಕಂಡದ್ದನ್ನು ಬರೆಯಿರಿ. ಒಂದು ತಿಂಗಳಲ್ಲಿ ನಿಮ್ಮ ಕನಸುಗಳ ಚಾಳಿ ತಿಳಿಯುತ್ತದೆ: ಬಸ್ಸು ತಪ್ಪುವುದೋ, ಹಳೆಯ ಮನೆಯೋ, ಸತ್ತವರು ಬರುವುದೋ. ಅದೇ ನಿಮ್ಮ ಗುರುತಿನ ಕಲ್ಲು. ಹಗಲಲ್ಲಿ ಆಗಾಗ ನಿಂತು ‘ಇದು ಕನಸೆ?’ ಎಂದು ಮನಸಾರೆ ಕೇಳಿಕೊಳ್ಳಿ. ಗೋಡೆಯ ಮೇಲಿನ ಬರಹವನ್ನು ಓದಿ, ಕಣ್ಣು ತಿರುಗಿಸಿ ಮತ್ತೆ ಓದಿ. ಎಚ್ಚರದಲ್ಲಿ ಅಕ್ಷರ ನಿಲ್ಲುತ್ತದೆ, ಕನಸಿನಲ್ಲಿ ಅನೇಕವೇಳೆ ಬದಲಾಗುತ್ತದೆ. ಮೂಗನ್ನು ಹಿಡಿದು ಉಸಿರೆಳೆಯಿರಿ, ಕನಸಾದರೆ ಉಸಿರಾಡಬಹುದು. ಮಲಗುವಾಗ ‘ಮುಂದಿನ ಕನಸಿನಲ್ಲಿ ಕನಸೆಂದು ನೆನಪಿಸಿಕೊಳ್ಳುತ್ತೇನೆ’ ಎಂದು ಸಂಕಲ್ಪಿಸಿ, ನೆನ್ನೆಯ ಕನಸನ್ನು ಮನಸ್ಸಿನಲ್ಲಿ ಮತ್ತೆ ನಡೆಸಿ ನೋಡುವುದು ಲಬರ್ಜನ ಕ್ರಮ. ನಸುಕಿನಲ್ಲಿ ಒಮ್ಮೆ ಎದ್ದು, ಸ್ವಲ್ಪ ಹೊತ್ತು ಕೂತು, ಮತ್ತೆ ಮಲಗುವಾಗ ಇದು ಹೆಚ್ಚು ಫಲಿಸುತ್ತದೆ.

ಆದರೆ ಈ ಕೊನೆಯ ಉಪಾಯವನ್ನು ಹಬ್ಬಹರಿದಿನದಂತೆ ಬಳಸಿ, ದಿನನಿತ್ಯವಲ್ಲ. ನಾನು ಕಂಡ ಒಬ್ಬ ತರುಣ ಎರಡು ತಿಂಗಳು ದಿನವೂ ಮೂರು ಗಂಟೆಗೆ ಗಡಿಯಾರ ಬಾರಿಸಿಕೊಂಡು ಎದ್ದನು. ಕನಸೇನೋ ಬಂದವು, ಹಗಲೆಲ್ಲ ಮಂಜಿನಲ್ಲಿ ನಡೆದಂತಾಯಿತು. ಹಣ ಕೊಟ್ಟೆನೋ, ಕೊಟ್ಟಂತೆ ಕನಸು ಕಂಡೆನೋ ಎಂದು ಅಂಗಡಿಯಲ್ಲಿ ಗೊಂದಲಪಡುವ ಹಂತಕ್ಕೆ ಬಂದನು. ಬಿಟ್ಟುಬಿಟ್ಟ ಮೇಲೆ ವಾರ ಹತ್ತು ದಿನದಲ್ಲಿ ಸರಿಹೋದನು. ಕೆಡಿಸಿಕೊಂಡ ನಿದ್ದೆಗೆ ಯಾವ ಕನಸೂ ಬೆಲೆ ಕಟ್ಟಿಕೊಡದು. ಎಚ್ಚರದಲ್ಲೇ ಇಲ್ಲದ ದನಿ ಕೇಳುವ, ನಿಜ ಯಾವುದೆಂದು ತಿಳಿಯದಾಗುವ ಕಾಯಿಲೆ ಇದ್ದವರು ಈ ಅಭ್ಯಾಸಕ್ಕೆ ಇಳಿಯಲೇಬಾರದು. ಕನಸಿಗೆ ತಕ್ಕಂತೆ ಕೈಕಾಲು ಬೀಸಿ, ಪಕ್ಕದವರಿಗೆ ಹೊಡೆಯುವುದು ನಡುವಯಸ್ಸಿನ ಮೇಲೆ ಹೊಸದಾಗಿ ಕಾಣಿಸಿಕೊಂಡರೆ, ಅದು ನರರೋಗದ ವೈದ್ಯರಿಗೆ ತೋರಿಸಬೇಕಾದ ಸಂಗತಿ.

ಅದೇ ಅದೇ ದುಃಸ್ವಪ್ನದಿಂದ ನರಳುವವರು ಎಚ್ಚರಗನಸು ಬರಲೆಂದು ಕಾಯಬೇಕಾಗಿಲ್ಲ. ಹಗಲಿನಲ್ಲಿ, ಎಚ್ಚರದಲ್ಲಿ, ಆ ಕನಸಿನ ಕಥೆಯನ್ನು ಬರೆದು, ಅದರ ಮುಂದಿನ ಭಾಗವನ್ನು ನಿಮಗೆ ಬೇಕಾದಂತೆ ತಿದ್ದಿ, ತಿದ್ದಿದ ಕಥೆಯನ್ನು ದಿನವೂ ಕೆಲವು ನಿಮಿಷ ಕಣ್ಣಿಗೆ ಕಟ್ಟಿಕೊಳ್ಳುವ ಚಿಕಿತ್ಸಾಕ್ರಮವೊಂದುಂಟು. ವೈದ್ಯರು ಇದನ್ನು ಅನೇಕರಲ್ಲಿ ಪರೀಕ್ಷಿಸಿ ಫಲ ಕಂಡಿದ್ದಾರೆ. ಅಪಘಾತ, ಸಾವು, ಹಿಂಸೆಗಳ ಬಳಿಕ ಬರುವ ಕನಸುಗಳಿಗೆ ತಜ್ಞರ ಜೊತೆಯಿದ್ದರೆ ಒಳ್ಳೆಯದು. ೨೦೨೨ರಲ್ಲಿ ಆರಂಭವಾದ ಸರ್ಕಾರದ ಟೆಲಿಮಾನಸ್ ದೂರವಾಣಿ, ಸಂಖ್ಯೆ ೧೪೪೧೬, ಉಚಿತ, ಕನ್ನಡದಲ್ಲೂ ಮಾತನಾಡಬಹುದು. ನಮ್ಮ ಮೀನುಗಾರರಿಗೆ ಅಂದು ಇಂಥದೊಂದು ಗೊತ್ತಿದ್ದರೆ ಎರಡು ವರ್ಷ ಜಗಲಿಯಲ್ಲಿ ಕೂರಬೇಕಾಗುತ್ತಿರಲಿಲ್ಲವೇನೋ.

ಮಕ್ಕಳ ವಿಷಯ ಒಂದು ಉಳಿಯಿತು. ಜರ್ಮನಿಯ ಶಾಲಾಮಕ್ಕಳನ್ನು ಕೇಳಿ ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಎಚ್ಚರಗನಸು ಎಳೆಯರಲ್ಲೇ ಹೆಚ್ಚು. ಹದಿನಾರರ ಸುಮಾರಿಗೆ ಇಳಿಯುತ್ತದೆ. ಹುಲಿ ಅಟ್ಟಿಸಿಕೊಂಡು ಬಂದಾಗ ‘ಇದು ಕನಸು’ ಎಂದು ತಿರುಗಿ ನಿಂತ ಮಗು ಯಾರ ಮನೆಯಲ್ಲೂ ಇದ್ದೀತು. ಬೆಳಿಗ್ಗೆ ಅದು ಹಲ್ಲುಜ್ಜುತ್ತಲೇ ಹೇಳಲು ಬಂದರೆ ‘ಹೊತ್ತಾಯಿತು, ಸುಮ್ಮನಿರು’ ಎನ್ನಬೇಡಿ. ಆಮೇಲೆ ಹುಲಿ ಏನು ಮಾಡಿತು ಎಂದು ಕೇಳಿ.